ಸೋತವರಿಗೆ ಮುಂದಿನ ಪಂದ್ಯ: ಹವ್ಯಾಸಿ ಟೆನಿಸ್ ಲೀಗ್ ಬೆಳೆದುಬಂದ ಬಗೆ

ಟೆನಿಸ್ ಸಂಸ್ಥೆಯೊಂದರ ಚರಿತ್ರೆ ಬರೆಯಲು ಕುಳಿತವರಿಗೆ ಮೊದಲು ಕೈಗೆ ಸಿಗುವುದು ಚಾಂಪಿಯನ್ನರ ಪಟ್ಟಿ. ಯಾವ ವರ್ಷ ಯಾರು ಗೆದ್ದರು ಎಂಬುದು ಫಲಕದ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಇದ್ದೇ ಇರುತ್ತದೆ. ಮೊದಲ ಸುತ್ತಿನಲ್ಲೇ ಸೋತು ಬ್ಯಾಗು ಹೆಗಲಿಗೇರಿಸಿಕೊಂಡು ಹೋದವರೆಷ್ಟು ಮಂದಿ, ಅವರಲ್ಲಿ ಮರುವರ್ಷ ಮತ್ತೆ ಹೆಸರು ಕೊಟ್ಟವರೆಷ್ಟು ಮಂದಿ ಎಂಬ ಲೆಕ್ಕವನ್ನು ಇಟ್ಟವರು ಕಡಿಮೆ. ಪ್ರವೇಶಶುಲ್ಕ ಕಟ್ಟಿ, ಕೋರ್ಟು ತುಂಬಿಸಿ, ಆಟವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸಿದವರು ಬಹುಪಾಲು ಇವರೇ. ಹವ್ಯಾಸಿ ಟೆನಿಸ್‌ನ ಚರಿತ್ರೆಯನ್ನು ಇವರ ಕಡೆಯಿಂದ ಓದಿದರೆ ಬೇರೊಂದು ಕತೆ ತೆರೆದುಕೊಳ್ಳುತ್ತದೆ. ಈ ಆಟವನ್ನು ಉಳಿಸಿದ್ದು ದೊಡ್ಡ ಕ್ರೀಡಾಂಗಣಗಳೂ ಹಣ ಮುಟ್ಟದ ಶುದ್ಧ ಹವ್ಯಾಸದ ಆದರ್ಶವೂ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನನ್ನ ಎಣಿಕೆಯಲ್ಲಿ ಅದನ್ನು ಉಳಿಸಿದ್ದು ಎರಡು ಸರಳ ಏರ್ಪಾಡುಗಳು: ಹೆಚ್ಚುಕಡಿಮೆ ಸಮಬಲದ ಎದುರಾಳಿ, ಮತ್ತು ಸೋತ ಮೇಲೂ ಕಾದಿರುವ ಇನ್ನೊಂದು ಪಂದ್ಯ. ಸಂಸ್ಥೆಗಳು ಈ ಎರಡನ್ನು ಕಲಿಯಲು ನೂರು ವರ್ಷ ತೆಗೆದುಕೊಂಡವು.

1877ರ ಜುಲೈನಲ್ಲಿ ವಿಂಬಲ್ಡನ್‌ನ ಮೊದಲ ಟೂರ್ನಿ ನಡೆದಾಗ ಇದ್ದದ್ದು ಪುರುಷರ ಸಿಂಗಲ್ಸ್ ಒಂದೇ. ಒಂದು ಗಿನಿ ಪ್ರವೇಶಶುಲ್ಕ, 22 ಮಂದಿ ಆಟಗಾರರು. ಇಪ್ಪತ್ತೆರಡು ಅರ್ಧವಾದರೆ ಹನ್ನೊಂದು. ಅಲ್ಲಿಂದ ಮುಂದೆ ಲೆಕ್ಕ ಕೂಡಿಬರುವುದಿಲ್ಲ. ಒಬ್ಬರಿಗೆ ಬೈ ಕೊಟ್ಟು ಆರು ಮಂದಿಯಾದರು, ಆರು ಮೂರಾಯಿತು. ಸೆಮಿಫೈನಲ್‌ಗೆ ಉಳಿದದ್ದು ಮೂವರೇ ಆದ್ದರಿಂದ ವಿಲಿಯಂ ಮಾರ್ಷಲ್ ಆ ಸುತ್ತನ್ನು ಆಡದೆಯೇ ಫೈನಲ್ ತಲುಪಿದರು. ಸ್ಪೆನ್ಸರ್ ಗೋರ್ ಅಲ್ಲಿ ಅವರನ್ನು ಸೋಲಿಸಿ ಮೊದಲ ಚಾಂಪಿಯನ್ ಆದರು. ಆಡದೆ ಬಂದವರಿಗೆ ಎರಡನೆಯ ಸ್ಥಾನ ಹೇಗೆ ಕೊಡುವುದೆಂಬ ಪ್ರಶ್ನೆ ಸಂಘಟಕರನ್ನೂ ಕಾಡಿರಬೇಕು, ಸೆಮಿಫೈನಲ್‌ನಲ್ಲಿ ಗೋರ್‌ಗೆ ಸೋತಿದ್ದ ಹೀತ್‌ಕೋಟ್ ಅವರೊಡನೆ ಮಾರ್ಷಲ್‌ರನ್ನು ಇನ್ನೊಮ್ಮೆ ಆಡಿಸಿದರು. ಮಾರ್ಷಲ್ ಗೆದ್ದರು. ಬೈಗಳನ್ನೆಲ್ಲ ಮೊದಲ ಸುತ್ತಿನಲ್ಲೇ ಮುಗಿಸಿ, ಎರಡನೆಯ ಸುತ್ತಿನಿಂದ ಆಟಗಾರರ ಸಂಖ್ಯೆ 32, 16, 8 ಎಂದು ಸಮನಾಗಿ ಇಳಿಯುವಂತೆ ಮಾಡುವ, ಇಂದು ನಮ್ಮ ಊರಿನ ಶಾಲಾ ಟೂರ್ನಿಯಲ್ಲೂ ಬಳಸುವ ಕ್ರಮ ಬ್ಯಾಗ್ನಲ್-ವೈಲ್ಡ್ ಎಂಬವರ ಸಲಹೆಯಿಂದ ರೂಢಿಗೆ ಬಂದದ್ದು ಇದರ ಕೆಲವು ವರ್ಷಗಳ ಬಳಿಕ.

ಡ್ರಾ ಚೊಕ್ಕಟವಾಯಿತು. ಅನ್ಯಾಯ ಮಾತ್ರ ಹೋಗಲಿಲ್ಲ. ಅದನ್ನು ಲೆಕ್ಕ ಹಾಕಿ ತೋರಿಸಿದವರು ಆಲಿಸ್ ಕತೆಗಳಿಂದ ಜಗತ್ತಿಗೆಲ್ಲ ಲೂಯಿಸ್ ಕ್ಯಾರಲ್ ಎಂದು ಪರಿಚಿತರಾದ, ಆಕ್ಸ್‌ಫರ್ಡಿನ ಗಣಿತಜ್ಞ ಚಾರ್ಲ್ಸ್ ಡಾಡ್ಜ್‌ಸನ್. ಲಾನ್ ಟೆನಿಸ್ ಟೂರ್ನಿಗಳಲ್ಲಿ ಬಹುಮಾನ ಹಂಚುವ ಸರಿಯಾದ ಕ್ರಮ ಯಾವುದೆಂದು 1883ರಲ್ಲಿ ಅವರು ಒಂದು ಕಿರುಹೊತ್ತಗೆಯನ್ನೇ ಬರೆದರು. ಅವರ ತಕರಾರು ಸರಳ. 32 ಮಂದಿಯ ನಾಕೌಟ್‌ನಲ್ಲಿ ನಿಜಕ್ಕೂ ಎರಡನೆಯ ಶ್ರೇಷ್ಠ ಆಟಗಾರ ಯಾರೋ ಅವರು ಫೈನಲ್ ತಲುಪಬೇಕಾದರೆ ಮೊದಲ ಶ್ರೇಷ್ಠರು ಡ್ರಾದ ಇನ್ನೊಂದು ಅರ್ಧದಲ್ಲಿ ಬಿದ್ದಿರಬೇಕು. ಉಳಿದ 31 ಜಾಗಗಳಲ್ಲಿ ಆ ಅರ್ಧದ ಜಾಗಗಳು 16. ಅಂದರೆ ಎರಡನೆಯ ಬಹುಮಾನ ಅದಕ್ಕೆ ತಕ್ಕವರ ಕೈಸೇರುವ ಸಾಧ್ಯತೆ 31ರಲ್ಲಿ 16, ನಾಣ್ಯ ಚಿಮ್ಮುವುದಕ್ಕಿಂತ ಕೂದಲೆಳೆಯಷ್ಟು ಮೇಲು. ಒಬ್ಬರಿಗೆ ಸೋತ ಮಾತ್ರಕ್ಕೆ ಆಟಗಾರನನ್ನು ಹೊರಗೆ ಹಾಕಬಾರದು, ಅವನಿಗಿಂತ ಮೇಲಿನವರು ಮೂವರಿದ್ದಾರೆಂದು ಪಂದ್ಯಗಳಿಂದಲೇ ಸ್ಥಾಪಿತವಾದ ಮೇಲಷ್ಟೇ ಹೊರಗಿಡಬೇಕು ಎಂಬುದು ಅವರ ಸೂಚನೆ. ಸಂಘಟಕರು ಅದನ್ನು ಒಪ್ಪಲಿಲ್ಲ. 1920ರ ದಶಕದಲ್ಲಿ ಸೀಡಿಂಗ್ ಬಂದು ಬಲಿಷ್ಠರು ಬೇಗ ಎದುರುಬದುರಾಗುವುದನ್ನು ತಪ್ಪಿಸಿತು. ಆದರೆ ಸೀಡಿಂಗ್ ರಕ್ಷಿಸುವುದು ಮೇಲಿನ ಕೆಲವರನ್ನು ಮಾತ್ರ. ಕೆಳಗಿನ ಅರ್ಧದಷ್ಟು ಜನ ಮೊದಲ ದಿನವೇ ಮನೆಗೆ ಹೋಗುವುದು ಹಾಗೆಯೇ ಉಳಿಯಿತು. ಡಾಡ್ಜ್‌ಸನ್ನರ ಚಿಂತೆ ಬಹುಮಾನದ ನ್ಯಾಯದ್ದು, ನನ್ನದು ಆಡುವ ಅವಕಾಶದ್ದು. ಎರಡರ ಬೇರೂ ಒಂದೇ ಕಡೆ ಇದೆ: ಒಂದು ಸೋಲಿಗೆ ಇಡೀ ಟೂರ್ನಿಯ ಬಾಗಿಲು ಮುಚ್ಚುವ ನಿಯಮದಲ್ಲಿ.

ಹಳೆಯ ಕ್ಲಬ್ಬುಗಳಿಗೆ ಇದು ತಿಳಿದಿರಲೇ ಇಲ್ಲವೆಂದಲ್ಲ. ವಿಂಬಲ್ಡನ್‌ನಲ್ಲೇ 1896ರಲ್ಲಿ ಆರಂಭಿಕ ಸುತ್ತುಗಳಲ್ಲಿ ಸೋತವರಿಗಾಗಿ ಆಲ್ ಇಂಗ್ಲೆಂಡ್ ಪ್ಲೇಟ್ ಎಂಬ ಸಮಾಧಾನಕರ ಸ್ಪರ್ಧೆ ಶುರುವಾಯಿತು. ಅದಕ್ಕಿಂತ ಜಾಣ ಏರ್ಪಾಡು ಹ್ಯಾಂಡಿಕ್ಯಾಪ್. ಬಲಿಷ್ಠ ಆಟಗಾರ ಪ್ರತಿ ಗೇಮನ್ನೂ ಹದಿನೈದರ ಸಾಲದಿಂದ, ಇಲ್ಲವೇ ಮೂವತ್ತರ ಸಾಲದಿಂದ ಆರಂಭಿಸುತ್ತಾನೆ. ದುರ್ಬಲ ಆಟಗಾರನಿಗೆ ಮೊದಲೇ ಹದಿನೈದೋ ಮೂವತ್ತೋ ಕೈಗೆ ಬಂದಿರುತ್ತದೆ. ಈ ಪದ್ಧತಿ ಹೆಚ್ಚಿನ ಕಡೆ ಸತ್ತುಹೋದರೂ ಫ್ರಾನ್ಸಿನಲ್ಲಿ ಅದರ ಅಸ್ಥಿಪಂಜರ ಇಂದಿಗೂ ನಿಂತಿದೆ. ಅಲ್ಲಿನ ಒಕ್ಕೂಟ ಆಟಗಾರರಿಗೆ ಕೊಡುವ ಶ್ರೇಣಿಗಳು ಕೆಳಗಿನಿಂದ ಮೇಲಕ್ಕೆ 40, 30/5, 30/4 ಎಂದು ಹೊರಟು 30, 15, ಸೊನ್ನೆ ದಾಟಿ ಋಣ 15ರವರೆಗೂ ಅದರಾಚೆಗೂ ಏರುತ್ತವೆ. ಹಳ್ಳಿಯ ಕ್ಲಬ್ಬಿನ ಐವತ್ತು ವರ್ಷದ ಅಂಚೆ ನೌಕರನಿಗೂ ತನ್ನ ಶ್ರೇಣಿ ಯಾವುದೆಂದು ಗೊತ್ತು, ಅದನ್ನೊಂದು ಮೆಟ್ಟಿಲು ಏರಿಸಿಕೊಳ್ಳಬೇಕೆಂಬ ಹಂಬಲವೂ ಉಂಟು. ಜರ್ಮನಿಯಲ್ಲಿ ಕ್ಲಬ್ ತಂಡಗಳ ಸ್ಪರ್ಧೆಗೆ ಮೇಡನ್‌ಶ್ಪೀಲೆ ಎಂದೇ ರೂಢಿಯ ಹೆಸರು. 1902ರಲ್ಲಿ ಹುಟ್ಟಿದ ಜರ್ಮನ್ ಟೆನಿಸ್ ಒಕ್ಕೂಟದ ಮೊದಲ ಅಧ್ಯಕ್ಷ ಫಾನ್ ಡೆರ್ ಮೇಡನ್ ಅವರ ನೆನಪು ಅದರಲ್ಲಿದೆ. ಅಲ್ಲಿ ತಂಡಗಳು ಒಂದು ದರ್ಜೆಯಿಂದ ಇನ್ನೊಂದಕ್ಕೆ ಏರುತ್ತವೆ, ಇಳಿಯುತ್ತವೆ. ಒಂದು ದೇಶ ತನ್ನ ಅತಿದೊಡ್ಡ ಟೆನಿಸ್ ಸ್ಪರ್ಧೆಗೆ ಚಾಂಪಿಯನ್ನನ ಹೆಸರಿಡದೆ ಸಂಘಟಕನ ಹೆಸರಿಟ್ಟಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇಂಗ್ಲೆಂಡ್, ಅಮೆರಿಕಗಳ ಸಂಸ್ಥೆಗಳ ಶಕ್ತಿಯೆಲ್ಲ ಬೇರೆ ಕಡೆ ಖರ್ಚಾಯಿತು. ಹವ್ಯಾಸಿ ಯಾರು, ಹಣಕ್ಕಾಗಿ ಆಡುವವ ಯಾರು ಎಂಬ ಗೆರೆ ಕಾಯುವುದರಲ್ಲಿ ಅವು ದಶಕಗಳನ್ನು ಕಳೆದವು. ಗೆರೆ ಎಷ್ಟು ಬಿಗಿಯಾಯಿತೋ ಅಷ್ಟೇ ಗುಟ್ಟಾಗಿ ಪ್ರಯಾಣವೆಚ್ಚದ ಹೆಸರಿನಲ್ಲಿ ಹಣ ಕೈ ಬದಲಾಯಿಸಿತು. 1968ರ ಏಪ್ರಿಲ್‌ನಲ್ಲಿ ಬೋರ್ನ್‌ಮತ್‌ನಲ್ಲಿ ಎಲ್ಲರಿಗೂ ತೆರೆದ ಮೊದಲ ಟೂರ್ನಿ ನಡೆದು, ಅದೇ ಬೇಸಿಗೆಯಲ್ಲಿ ವಿಂಬಲ್ಡನ್ ಗೆದ್ದ ರಾಡ್ ಲೇವರ್ 2,000 ಪೌಂಡ್, ಬಿಲ್ಲಿ ಜೀನ್ ಕಿಂಗ್ 750 ಪೌಂಡ್ ಪಡೆದಾಗ ಆ ಗೆರೆಗೆ ಅರ್ಥವೇ ಉಳಿಯಲಿಲ್ಲ. ಆಗ ಒಂದು ವಿಷಯ ಬಯಲಾಯಿತು. ಹವ್ಯಾಸಿಗಳ ಹೆಸರಿನಲ್ಲಿ ಇಷ್ಟು ಕಾಲ ಕಾದಾಡಿದ ಸಂಸ್ಥೆಗಳ ಬಳಿ ನಿಜವಾದ ಹವ್ಯಾಸಿಗೆ, ಅಂದರೆ ವಾರವಿಡೀ ದುಡಿದು ವಾರದ ಕೊನೆಯಲ್ಲಿ ರ್‍ಯಾಕೆಟ್ ಹಿಡಿಯುವವರಿಗೆ, ಕೊಡಲು ಹೆಚ್ಚೇನೂ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಟೆನಿಸ್ ಹುಚ್ಚು ಹಬ್ಬಿತು. 1973ರಲ್ಲಿ ಬಿಲ್ಲಿ ಜೀನ್ ಕಿಂಗ್ ಮತ್ತು ಬಾಬಿ ರಿಗ್ಸ್ ಆಟ ನೋಡಲು ಹ್ಯೂಸ್ಟನ್ನಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಹೊಸದಾಗಿ ರ್‍ಯಾಕೆಟ್ ಕೊಂಡವರು ಟೂರ್ನಿಗೆ ಹೆಸರು ಕೊಟ್ಟರೆ ಮೊದಲ ಸುತ್ತಿನಲ್ಲೇ ಕಾಲೇಜು ತಂಡದ ಆಟಗಾರನ ಕೈಯಲ್ಲಿ 6-0, 6-0 ಸೋತು ಬರಬೇಕಿತ್ತು. ಮತ್ತೆ ಹೆಸರು ಕೊಡುವ ಮನಸ್ಸು ಎಷ್ಟು ಜನಕ್ಕೆ ಬಂದೀತು?

ಇದಕ್ಕೆ ಉತ್ತರ ಮೊದಲು ಸಿಕ್ಕಿದ್ದು ರಾಷ್ಟ್ರೀಯ ಸಂಸ್ಥೆಯ ಕಚೇರಿಯಲ್ಲಿ ಅಲ್ಲ, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ. 1934ರಲ್ಲಿ ಸ್ಥಾಪನೆಯಾಗಿದ್ದ ಅಟ್ಲಾಂಟಾ ಲಾನ್ ಟೆನಿಸ್ ಅಸೋಸಿಯೇಷನ್ 1970ರ ದಶಕದ ಆರಂಭದಲ್ಲಿ ತಂಡಗಳ ಲೀಗ್ ಶುರುಮಾಡಿತು. ಒಂದು ಬಡಾವಣೆಯ ಕೋರ್ಟು, ಅಲ್ಲಿ ಆಡುವವರದೇ ಒಂದು ತಂಡ, ಒಂದು ಭೇಟಿಗೆ ಐದು ಡಬಲ್ಸ್ ಪಂದ್ಯ. ತಂಡಗಳಿಗೆ ಎಎ, ಎ, ಬಿ, ಸಿ ಎಂದು ದರ್ಜೆ. ಗೆದ್ದ ತಂಡ ಮೇಲೆ, ಸೋತ ತಂಡ ಕೆಳಗೆ. ವಿಭಾಗ ಗೆದ್ದವರಿಗೆ ಸಿಗುತ್ತಿದ್ದದ್ದು ಬ್ಯಾಗಿಗೆ ನೇತುಹಾಕಿಕೊಳ್ಳುವ ಒಂದು ಚಿಕ್ಕ ಬಿಲ್ಲೆ. ಆ ಬಿಲ್ಲೆಗಳ ಗೊಂಚಲನ್ನು ಜನ ವರ್ಷಗಟ್ಟಲೆ ಬ್ಯಾಗಿನಿಂದ ತೆಗೆಯುವುದಿಲ್ಲ. ಉತ್ಕರ್ಷದ ದಿನಗಳಲ್ಲಿ ಈ ಒಂದು ನಗರದ ಲೀಗಿನ ಸದಸ್ಯರ ಸಂಖ್ಯೆ 80 ಸಾವಿರದ ಹತ್ತಿರ ಹೋಗಿತ್ತು. ರಾಷ್ಟ್ರೀಯ ಸಂಸ್ಥೆ 1881ರಲ್ಲಿ ಹುಟ್ಟಿದ್ದು. ವಯಸ್ಕ ಹವ್ಯಾಸಿಗಳಿಗೆಂದೇ ದೇಶವ್ಯಾಪಿ ಲೀಗನ್ನು ಅದು ಆರಂಭಿಸಿದ್ದು 1980ರಲ್ಲಿ, ಹುಟ್ಟಿದ ತೊಂಬತ್ತೊಂಬತ್ತು ವರ್ಷಕ್ಕೆ. ಅದಕ್ಕೆ ಸ್ವಲ್ಪ ಮೊದಲು ರೂಪುಗೊಂಡಿದ್ದ 1.5ರಿಂದ 7.0ರವರೆಗಿನ ಆಟಗಾರರ ಮಟ್ಟದ ಅಳತೆಯೇ ಈ ಲೀಗಿನ ಬೆನ್ನೆಲುಬು. ಮಧ್ಯಮ ವೇಗದ ಚೆಂಡನ್ನು ಒಂದೇ ಸಮ ಹಿಂತಿರುಗಿಸಬಲ್ಲ, ಆದರೆ ಬೇಕಾದ ಕಡೆ, ಬೇಕಾದ ಆಳಕ್ಕೆ ಹಾಕಲಾರದ ಆಟಗಾರ 3.0, ಎರಡೂ ಬದಿಯಿಂದ ನಂಬಿಕೆಯಿಂದ ದಿಕ್ಕು ತಪ್ಪದೆ ಹೊಡೆಯಬಲ್ಲವರು 4.0. ಮೊದಲ ವರ್ಷ 13 ಸಾವಿರ ಮಂದಿ ಆಡಿದರೆಂದೂ ಮುಂದೆ ಅದು 3 ಲಕ್ಷ ದಾಟಿತೆಂದೂ ಸಂಸ್ಥೆ ಲೆಕ್ಕ ಕೊಡುತ್ತದೆ.

ಈ ಲೀಗಿನ ಒಂದು ಭೇಟಿಯನ್ನು ಹತ್ತಿರದಿಂದ ನೋಡಿದರೆ ಏರ್ಪಾಡಿನ ಜಾಣ್ಮೆ ಕಾಣುತ್ತದೆ. ಸಾಮಾನ್ಯ ಮಾದರಿಯಲ್ಲಿ ಎರಡು ಸಿಂಗಲ್ಸ್, ಮೂರು ಡಬಲ್ಸ್, ಅಂದರೆ ಒಂದು ತಂಡಕ್ಕೆ ಎಂಟು ಮಂದಿ. ಎರಡೂ ತಂಡದ ನಾಯಕರು ಯಾರು ಎಲ್ಲಿ ಆಡುತ್ತಾರೆಂದು ಬರೆದ ಚೀಟಿಯನ್ನು ಒಂದೇ ಹೊತ್ತಿಗೆ ಬದಲಾಯಿಸಿಕೊಳ್ಳುತ್ತಾರೆ. ಎದುರು ತಂಡದ ಚೀಟಿ ನೋಡಿ ತನ್ನದನ್ನು ತಿದ್ದುವಂತಿಲ್ಲ. ಅಂಪೈರ್ ಇಲ್ಲ, ಲೈನ್ಸ್‌ಮನ್ ಇಲ್ಲ. ತಮ್ಮ ಬದಿಯ ಗೆರೆಯ ತೀರ್ಪು ತಮ್ಮದೇ; ಅನುಮಾನ ಬಂದರೆ ಪಾಯಿಂಟ್ ಎದುರಾಳಿಗೆ. ಹೊರಗೆ ಬಿದ್ದದ್ದನ್ನು ಸ್ಪಷ್ಟವಾಗಿ ಕಂಡಿಲ್ಲವೆಂದರೆ ಚೆಂಡು ಒಳಗೇ ಬಿದ್ದಂತೆ. ಇಬ್ಬರೂ ಒಂದೊಂದು ಸೆಟ್ ಗೆದ್ದರೆ ಮೂರನೆಯ ಸೆಟ್ಟಿನ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್, ಏಕೆಂದರೆ ಮುಂದಿನವರು ಕೋರ್ಟಿಗಾಗಿ ಕಾಯುತ್ತಿರುತ್ತಾರೆ, ಆಟಗಾರರಿಗೂ ಮನೆಯಲ್ಲಿ ಕೆಲಸವಿರುತ್ತದೆ. ಹಣ ಮುಟ್ಟಬಾರದೆಂಬ ಹಳೆಯ ನಿಯಮಕ್ಕಿಂತ ಹವ್ಯಾಸಿಯ ನಡತೆಯನ್ನು ಹೆಚ್ಚು ಪರೀಕ್ಷಿಸುವುದು ಗೆರೆಯ ಈ ನಿಯಮ. ಐದರಲ್ಲಿ ಮೂರು ಗೆದ್ದ ತಂಡಕ್ಕೆ ಜಯ. ಮೂರನೆಯ ಡಬಲ್ಸ್ ಜೋಡಿಯ ಗೆಲುವೂ ಮೊದಲ ಸಿಂಗಲ್ಸ್ ಆಟಗಾರನ ಗೆಲುವೂ ಇಲ್ಲಿ ಒಂದೇ ತೂಕದವು. ತಂಡದ ಅತ್ಯಂತ ಸಾಧಾರಣ ಆಟಗಾರನ ಟೈಬ್ರೇಕಿನ ಮೇಲೆ ಇಡೀ ತಂಡದ ಕಣ್ಣು ನೆಡುವ ಘಳಿಗೆ ನಾಕೌಟ್ ಸಿಂಗಲ್ಸ್‌ನಲ್ಲಿ ಎಂದಿಗೂ ಬರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. 64 ಮಂದಿ ಆಟಗಾರರನ್ನು ಸಿಂಗಲ್ಸ್ ನಾಕೌಟ್‌ನಲ್ಲಿ ಆಡಿಸಿದರೆ ಒಟ್ಟು 63 ಪಂದ್ಯ. 32 ಮಂದಿಗೆ ಒಂದೇ ಪಂದ್ಯ, 16 ಮಂದಿಗೆ ಎರಡು. ಸರಾಸರಿ ತೆಗೆದರೆ ಒಬ್ಬರಿಗೆ ಎರಡು ಪಂದ್ಯವೂ ಪೂರ್ತಿ ಬರುವುದಿಲ್ಲ. ಅದೇ 64 ಮಂದಿಯನ್ನು ಎಂಟೆಂಟರ ಎಂಟು ತಂಡ ಮಾಡಿ, ಪ್ರತಿ ತಂಡವೂ ಉಳಿದ ತಂಡಗಳೊಡನೆ ಒಮ್ಮೆ ಆಡುವಂತೆ ಮಾಡಿದರೆ 28 ಭೇಟಿಗಳು, 140 ಪಂದ್ಯಗಳು, ಮತ್ತು ಪ್ರತಿಯೊಬ್ಬರಿಗೂ ಏಳು ಪಂದ್ಯ. ಪ್ರತಿ ವಾರ ಸೋತವರಿಗೂ ಏಳೇ. ಟೂರ್ನಿಯ ಸ್ವರೂಪ ಬಿಡದೆಯೂ ಈ ಕೊರತೆಯನ್ನು ತುಂಬುವ ದಾರಿಗಳಿವೆ. ದಿಕ್ಕುಗಳ ಡ್ರಾ ಎಂಬ ಕ್ರಮದಲ್ಲಿ ಎಲ್ಲರೂ ಪೂರ್ವದಲ್ಲಿ ಆರಂಭಿಸುತ್ತಾರೆ. ಮೊದಲ ಸುತ್ತಿನಲ್ಲಿ ಸೋತವರು ಪಶ್ಚಿಮಕ್ಕೆ, ಎರಡನೆಯದರಲ್ಲಿ ಸೋತವರು ಉತ್ತರಕ್ಕೆ, ಪಶ್ಚಿಮದಲ್ಲೂ ಮೊದಲೇ ಸೋತವರು ದಕ್ಷಿಣಕ್ಕೆ ಹೋಗುತ್ತಾರೆ. ಹದಿನಾರು ಮಂದಿಯಿದ್ದರೆ ಯಾರಿಗೂ ಮೂರು ಪಂದ್ಯಕ್ಕಿಂತ ಕಡಿಮೆಯಾಗದು, ಮತ್ತು ಪ್ರತಿ ಸೋಲೂ ಆಟಗಾರನನ್ನು ತನ್ನ ಮಟ್ಟದವರ ಹತ್ತಿರಕ್ಕೆ ತರುತ್ತದೆ. ಡಾಡ್ಜ್‌ಸನ್ ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರೆಂದು ನನ್ನ ನಂಬಿಕೆ.

ಈ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಮಟ್ಟದ ಅಳತೆ ಬಂದೊಡನೆ ಅಳತೆಯನ್ನು ವಂಚಿಸುವ ಕಲೆಯೂ ಬರುತ್ತದೆ ಎಂಬುದು ಮೊದಲನೆಯದು. 4.0 ಆಟಗಾರ ತಾನು 3.5 ಎಂದು ಹೇಳಿಕೊಂಡು ಬಂದು ಕೆಳಗಿನವರನ್ನು ಸುಲಭವಾಗಿ ಸೋಲಿಸುವುದು, ಬೇಕೆಂದೇ ಕೆಲವು ಗೇಮ್ ಬಿಟ್ಟುಕೊಟ್ಟು ಅಂಕಿ ಏರದಂತೆ ನೋಡಿಕೊಳ್ಳುವುದು ಅಮೆರಿಕದ ಲೀಗಿನಲ್ಲಿ ಹಳೆಯ ಕಾಯಿಲೆ. ಸಂಸ್ಥೆ ಇದಕ್ಕೆ ಮದ್ದು ಹುಡುಕಿತು: ಪ್ರತಿ ಪಂದ್ಯದ ಫಲಿತಾಂಶ ಕಂಪ್ಯೂಟರಿಗೆ ಹೋಗುತ್ತದೆ, ಎದುರಾಳಿಯ ಬಲಕ್ಕೆ ತಕ್ಕಂತೆ ಎಷ್ಟು ಗೇಮ್ ನಿರೀಕ್ಷಿತವಿತ್ತು, ಎಷ್ಟು ಬಂತು ಎಂದು ಅದು ತಾಳೆ ನೋಡುತ್ತದೆ, ಮಟ್ಟಕ್ಕಿಂತ ಸ್ಪಷ್ಟವಾಗಿ ಮೇಲೆ ಆಡಿದ್ದು ಮೂರು ಬಾರಿ ದಾಖಲಾದರೆ ಆಟಗಾರನನ್ನು ಆ ಮಟ್ಟದಿಂದ ಅನರ್ಹಗೊಳಿಸುತ್ತದೆ. ಮದ್ದಿಗೂ ಅದರದೇ ನೋವಿದೆ. ಚೆನ್ನಾಗಿ ಆಡಿದ ತಂಡದ ಅರ್ಧ ಮಂದಿ ವರ್ಷದ ಕೊನೆಯಲ್ಲಿ ಮೇಲಿನ ಮಟ್ಟಕ್ಕೆ ಏರುತ್ತಾರೆ, ಹತ್ತು ವರ್ಷದ ಗೆಳೆತನದ ತಂಡ ಒಡೆಯುತ್ತದೆ. ಈ ವಿಷಯದಲ್ಲಿ ಒಬ್ಬೊಬ್ಬರನ್ನು ಅಳೆಯದೆ ಇಡೀ ತಂಡವನ್ನೇ ಏರಿಸಿ ಇಳಿಸುವ ಅಟ್ಲಾಂಟಾದ ಕ್ರಮ ಮೇಲೆಂದು ನನಗನ್ನಿಸುತ್ತದೆ. ಅದರಲ್ಲಿ ನಿಖರತೆ ಕಡಿಮೆ, ಒಡನಾಟ ಹೆಚ್ಚು. ಏನಿದ್ದರೂ ವಂಚನೆ ಇದೆಯೆಂಬ ಕಾರಣಕ್ಕೆ ಅಳತೆಯನ್ನೇ ಬಿಡುವುದು ಸರಿಯಾಗದು. ಅಳತೆ ಇಲ್ಲದ ಟೂರ್ನಿಯಲ್ಲಿ ಬಲಿಷ್ಠ ದುರ್ಬಲನನ್ನು 6-0 ಸೋಲಿಸುವುದು ವಂಚನೆ ಎನಿಸಿಕೊಳ್ಳುವುದಿಲ್ಲ, ಅದು ಅಲ್ಲಿನ ನಿತ್ಯದ ಕ್ರಮ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಲೀಗುಗಳಿಂದ ಚಾಂಪಿಯನ್ನರು ಹುಟ್ಟುವುದಿಲ್ಲ, ಸಂಸ್ಥೆಯ ಹಣ, ಶ್ರಮ ಪ್ರತಿಭಾವಂತರಿಗೆ ಹೋಗಬೇಕೇ ಹೊರತು ನಲವತ್ತು ದಾಟಿದವರ ಭಾನುವಾರದ ಆಟಕ್ಕಲ್ಲ. ಲೀಗ್ ಚಾಂಪಿಯನ್ನರನ್ನು ತಯಾರಿಸುವುದಿಲ್ಲವೆಂಬುದು ನಿಜ. ಆದರೆ ಚಾಂಪಿಯನ್ನರಿಗಾಗಿ ಕಟ್ಟಿದ್ದು ತಾನಾಗಿಯೇ ಆಟವನ್ನು ಉಳಿಸುತ್ತದೆಯೇ? 1996ರ ಆಗಸ್ಟ್ 3ರಂದು ಲಿಯಾಂಡರ್ ಪೇಸ್ ಬ್ರೆಜಿಲ್‌ನ ಮೆಲಿಜೆನಿಯವರನ್ನು ಸೋಲಿಸಿ, ಕೆ.ಡಿ. ಜಾಧವ್ ಅವರ 1952ರ ಪದಕದ ನಂತರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದದ್ದು ಇದೇ ಅಟ್ಲಾಂಟಾದ ಹೊರವಲಯದ ಸ್ಟೋನ್ ಮೌಂಟನ್ ಟೆನಿಸ್ ಕ್ರೀಡಾಂಗಣದಲ್ಲಿ. ಒಲಿಂಪಿಕ್ಸ್‌ಗೆಂದೇ ಕಟ್ಟಿದ ಆ ಕ್ರೀಡಾಂಗಣ ಮುಂದೆ ಬಳಕೆಯಿಲ್ಲದೆ ಪಾಳುಬಿದ್ದಿತು, ಕೊನೆಗೆ ಅದನ್ನು ಕೆಡವಿದರು. ಅದೇ ಊರಿನ ಬಡಾವಣೆಗಳ ಲೀಗ್ ಮಾತ್ರ ಋತುವಿನಿಂದ ಋತುವಿಗೆ ನಡೆದುಬಂತು. ಕೋರ್ಟಿನ ಬಾಡಿಗೆ ಕಟ್ಟುವವರು, ಕೋಚ್‌ಗೆ ಕೆಲಸ ಕೊಡುವವರು, ಮಗಳ ಕೈಗೆ ಮೊದಲ ರ್‍ಯಾಕೆಟ್ ಇಡುವವರು ಈ ಲೀಗಿನವರೇ. ನಲವತ್ತು ದಾಟಿದವರ ಡಬಲ್ಸ್ ಬಗ್ಗೆ ಅಸಡ್ಡೆಯಿಂದ ಮಾತಾಡುವವರು ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನು ನೆನೆಯಬೇಕು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರ ಶ್ರೇಯಾಂಕಕ್ಕೆ ಏರಿದಾಗ ಅವರ ವಯಸ್ಸು 43. ಕಾಲು ನಿಧಾನವಾದ ಮೇಲೂ ನೆಟ್ಟಿನ ಬಳಿಯ ಕೈಚಳಕ, ಜಾಗದ ಅರಿವು, ಜೊತೆಗಾರನ ಮನಸ್ಸು ಓದುವ ಶಕ್ತಿ ಕೆಲಸ ಮಾಡುತ್ತವೆ. ಲೀಗುಗಳು ಡಬಲ್ಸ್ ಮೇಲೆ ನಿಂತಿರುವುದು ಈ ಕಾರಣಕ್ಕೇ.

ಮೂರನೆಯ ಆಕ್ಷೇಪ ನಮ್ಮ ನೆಲದ್ದು. ಅಟ್ಲಾಂಟಾದಲ್ಲಿ ಬಡಾವಣೆಗೊಂದು ಕೋರ್ಟಿದೆ, ಎಲ್ಲರ ಬಳಿ ಕಾರಿದೆ. ಇಲ್ಲಿ ಟೆನಿಸ್ ಕೋರ್ಟೆಂದರೆ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯಬೇಕಾದ ಕ್ಲಬ್ಬಿನ ಗೇಟಿನೊಳಗಿನ ವಸ್ತು. ಈ ಮಾತಿನಲ್ಲಿ ಸತ್ಯವಿದೆ, ಟೆನಿಸ್ ಯಾವ ಊರಿನಲ್ಲೂ ಬಡವರ ಆಟವಾಗಿಲ್ಲ. ಲೀಗ್ ಒಂದೇ ಆ ಗೋಡೆಯನ್ನು ಕೆಡವುತ್ತದೆಂದು ನಾನು ಹೇಳಲಾರೆ. ಆದರೆ ಕೊರತೆ ಕೋರ್ಟುಗಳದು ಮಾತ್ರವೆಂದು ಒಪ್ಪುವುದೂ ಕಷ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಡೇವಿಸ್ ಕಪ್ ಪಂದ್ಯಗಳು, ಅಂತರರಾಷ್ಟ್ರೀಯ ಟೂರ್ನಿಗಳು ನಡೆದಿವೆ. ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟರ ಒಳಗಿನವರಿಗೆ ಶ್ರೇಯಾಂಕದ ಟೂರ್ನಿಗಳಿವೆ. ಆ ಮೆಟ್ಟಿಲುಗಳಲ್ಲಿ ಎಲ್ಲೋ ನಿಂತುಹೋದ ಹುಡುಗ ಹುಡುಗಿಯರು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಎಲ್ಲಿ ಆಡಬೇಕು? ಕ್ರಿಕೆಟ್‌ನಲ್ಲಿ ಇದಕ್ಕೆ ಉತ್ತರವಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಡಿವಿಷನ್ ಲೀಗುಗಳಲ್ಲಿ ರಣಜಿ ತಂಡದ ಬಾಗಿಲನ್ನೂ ಕಾಣದವರು ತಮ್ಮ ಕ್ಲಬ್ಬಿಗಾಗಿ ವರ್ಷಾನುಗಟ್ಟಲೆ ಆಡುತ್ತಾರೆ, ತಂಡಗಳು ಡಿವಿಷನ್ ಏರುತ್ತವೆ, ಇಳಿಯುತ್ತವೆ, ಭಾನುವಾರದ ಮ್ಯಾಟಿಂಗ್ ವಿಕೆಟ್ಟಿನ ಆಟಕ್ಕೂ ಸ್ಕೋರ್ ಪುಸ್ತಕವಿರುತ್ತದೆ. ಲೀಗಿನ ಬುದ್ಧಿ ನಮಗೆ ಹೊರಗಿನದೇನಲ್ಲ. ಇತ್ತ ವೈಟ್‌ಫೀಲ್ಡಿನಿಂದ ಯಲಹಂಕದವರೆಗೆ ಎದ್ದಿರುವ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಎಷ್ಟೋ ಕಡೆ ಒಂದೆರಡು ಟೆನಿಸ್ ಕೋರ್ಟುಗಳಿವೆ. ಬೆಳಿಗ್ಗೆ ಅಲ್ಲಿ ಕೋಚಿಂಗ್ ನಡೆಯುತ್ತದೆ, ಸಂಜೆ ಅದೇ ನಾಲ್ಕು ಮಂದಿ ಅದೇ ನಾಲ್ಕು ಮಂದಿಯೊಡನೆ ಆಡುತ್ತಾರೆ, ನಡುಹಗಲು ಬಿಸಿಲಿಗೆ ಬಣ್ಣ ಮಾಸುತ್ತದೆ.

ಈ ಸಮುಚ್ಚಯಗಳ ತಂಡಗಳ ನಡುವೆಯೇ ಒಂದು ಲೀಗ್ ನಡೆಸಬಹುದು. ಒಂದೇ ಕೋರ್ಟಿರುವ ಕಡೆ ಐದು ಪಂದ್ಯಗಳ ಭೇಟಿ ಆಗದ ಮಾತು. ಮೂರು ಡಬಲ್ಸ್ ಸಾಕು: ಬೆಳಿಗ್ಗೆ ಆರೂವರೆಗೆ ಶುರುಮಾಡಿದರೆ ಮೂರನೆಯ ಸೆಟ್ಟಿಗೆ ಟೈಬ್ರೇಕ್ ಇಟ್ಟುಕೊಂಡು ಹನ್ನೊಂದರೊಳಗೆ ಮುಗಿಯುತ್ತದೆ. ತಂಡಕ್ಕೆ ಆರು ಮಂದಿ, ಬದಲಿಗೆ ಇಬ್ಬರು. ಶ್ರೇಣಿ ಕೊಡುವ ಕಂಪ್ಯೂಟರ್ ಆರಂಭದಲ್ಲಿ ಬೇಡ. ಮೊದಲ ಋತುವಿನ ಫಲಿತಾಂಶವೇ ಎರಡನೆಯ ಋತುವಿನ ದರ್ಜೆಯನ್ನು ನಿರ್ಧರಿಸಲಿ. ಹೊರಗಿನ ತಂಡದವರನ್ನು ಭಾನುವಾರ ಬೆಳಿಗ್ಗೆ ಗೇಟಿನೊಳಗೆ ಬಿಡಲು ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಅಮೆರಿಕದವರು ಎದುರಿಸದ, ನಮ್ಮದೇ ಆದ ತೊಡಕು ಇದು, ಬಹುಶಃ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದೂ ಇದೇ. ಉಳಿದಂತೆ ಬೇಕಾದದ್ದು ವೇಳಾಪಟ್ಟಿ ಹಾಕಿ, ಪ್ರತಿ ವಾರ ಸ್ಕೋರು ತರಿಸಿಕೊಂಡು, ವಾಕೋವರ್ ಕೇಳುವವರೊಡನೆ ತಾಳ್ಮೆಯಿಂದ ಮಾತಾಡಬಲ್ಲ ಒಬ್ಬ ಕಾರ್ಯದರ್ಶಿ.